ತಲೆಗಡೆ ನಿಂತವರ ಮಡಿ

ನನ್ನ ಎಡ ಮೊಣಕಾಲನ್ನು ಬದಲಾಯಿಸಬೇಕು ಎಂದು ಮೂಳೆ ಡಾಕ್ಟರು ಹೇಳಿದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಅವತ್ತು ಥಿಯೇಟರಿನಾಗ ಪಾಠ ಇರ್ತದೇನ್ರಿ?" ಅವರು ನನ್ನ ಮುಖವನ್ನೇ ನೋಡುತ್ತ ಕೂತರು. ಬಂದವರೆಲ್ಲ ನೋವಿನ ಬಗ್ಗೆ ಕೇಳುತ್ತಾರೆ, ಯಾವಾಗ ನಡೆಯಬಹುದು ಎಂದು ಕೇಳುತ್ತಾರೆ, ಈ ಮುದುಕಿ ಪಾಠದ ಬಗ್ಗೆ ಕೇಳುತ್ತಾಳಲ್ಲ ಎಂದುಕೊಂಡಿರಬೇಕು.

ಕಾರಣವಿತ್ತು. ನಾನು ಅರಿವಳಿಕೆ ಡಾಕ್ಟರು. ದೇವದುರ್ಗ, ಮಾನ್ವಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ದುಡಿದು, ಆಮೇಲೆ ರಾಯಚೂರಿನ ಒಂದು ಬೋಧನಾ ಆಸ್ಪತ್ರೆಯಲ್ಲಿ ನಿವೃತ್ತಿಯಾಗುವ ತನಕ ರೋಗಿಗಳ ತಲೆಗಡೆ ನಿಂತವಳು. ಈಗ ಅದೇ ಆಸ್ಪತ್ರೆಯಲ್ಲಿ, ಅದೇ ಟೇಬಲ್ಲಿನ ಮೇಲೆ ನಾನು ಮಲಗಬೇಕು. ನನಗೆ ಅರಿವಳಿಕೆ ಕೊಡುವವನು ನನ್ನ ಶಿಷ್ಯ ವೀರೇಶ, ಈಗ ಆ ವಿಭಾಗದ ಮುಖ್ಯಸ್ಥ. ಅವನಷ್ಟು ಚೆನ್ನಾಗಿ ಪಾಠ ಮಾಡುವವರು ಈ ಸೀಮೆಯಲ್ಲೇ ಇಲ್ಲ. ನನ್ನ ಹೆದರಿಕೆಯೂ ಅದೇ ಆಗಿತ್ತು.

ಹೊಸದಾಗಿ ಈ ಕೆಲಸಕ್ಕೆ ಬಂದಿರುವ ಹುಡುಗ ಹುಡುಗಿಯರಿಗೆ, ಒಳ್ಳೆಯ ಮೇಷ್ಟ್ರನ್ನು ಕಂಡು ಹೆದರುವುದು ಯಾಕೆ ಎಂದು ಅನಿಸಬಹುದು. ಮೊದಲಿನಿಂದಲೇ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ದೇವದುರ್ಗದಲ್ಲಿ ನನ್ನನ್ನು 'ನಿದ್ದಿ ಡಾಕ್ಟರಮ್ಮ' ಎನ್ನುತ್ತಿದ್ದರು. ಸಂತೆಯಲ್ಲಿ ಸೊಪ್ಪು ಮಾರುವವಳು ಕೂಡ, "ನಮ್ಮ ಮನಿಯವ್ರಿಗೂ ಒಂದೀಟು ಆ ಔಷಧ ಕೊಡ್ರಿ ಯವ್ವಾ, ಕುಡುದು ಬಂದು ಭಾಳ ಒದರತಾರ" ಎಂದು ಕೇಳಿದ್ದುಂಟು. ಮಲಗಿಸುವುದೇ ನನ್ನ ಕೆಲಸ ಎಂದು ಎಲ್ಲರೂ ತಿಳಿದಿದ್ದರು. ಮಲಗಿಸುವುದು ಏನು ಮಹಾ, ಎದುರಿಗಿನವರು ಮಲಗಿರುವಷ್ಟು ಹೊತ್ತು ನಾವು ಎಚ್ಚರವಾಗಿರುವುದೇ ಈ ಕೆಲಸ. ಅದಕ್ಕೆ ಸಂಬಳ ಕೊಡುತ್ತಾರೆ ಎಂದರೆ ನನ್ನ ತಮ್ಮಂದಿರು ಈಗಲೂ ನಗುತ್ತಾರೆ.

ಅಲ್ಲಿ ನಾನು ಒಬ್ಬಳೇ. ಕಲಿಸುವುದಕ್ಕೆ ಶಿಷ್ಯರಿಲ್ಲ, ಕೇಳುವುದಕ್ಕೆ ಗುರುಗಳಿಲ್ಲ. ಯಂತ್ರವೂ ಹಳೆಯದು, ನನ್ನ ಬೆರಳು ರೋಗಿಯ ನಾಡಿಯ ಮೇಲೆ, ಕಣ್ಣು ಉಸಿರಿನ ಮೇಲೆ. ಒಮ್ಮೆ ಜಾಲಹಳ್ಳಿಯ ಬಸುರಿಯೊಬ್ಬಳಿಗೆ ಹೆರಿಗೆಯ ಆಪರೇಷನ್. ಬೆನ್ನಿಗೆ ಸೂಜಿ ಕೊಟ್ಟು ಮಲಗಿಸಿದ್ದೆ. ಸೊಂಟದ ಕೆಳಗೆ ಮರಗಟ್ಟಿತ್ತು, ಮೇಲೆ ಪೂರ್ತಿ ಎಚ್ಚರ. ಆಕೆಗೆ ಭಯ. ಭಯವಾದರೆ ಕೆಲವರು ಅಳುತ್ತಾರೆ, ಆಕೆ ಮಾತಾಡುತ್ತಿದ್ದಳು. ತವರಿನ ಎಮ್ಮೆ, ಅದು ಕದ್ದು ಮೇಯ್ದ ಜೋಳ, ಅದಕ್ಕಾಗಿ ಅತ್ತೆ ಮಾಡಿದ ಜಗಳ, ಒಂದೂ ಬಿಡಲಿಲ್ಲ. ನಾನು ಹೂಂಗುಡುತ್ತಿದ್ದೆ. ಜಗಳ ರಂಗೇರುವ ಹೊತ್ತಿಗೆ ಆಕೆ ಒಂದು ಆಕಳಿಕೆ ತೆಗೆದಳು, ಮಾತು ತಡವರಿಸಿತು, ಎಮ್ಮೆ ಅರ್ಧಕ್ಕೇ ನಿಂತಿತು. ರಕ್ತದ ಒತ್ತಡ ಇಳಿಯುತ್ತಿತ್ತು. ನಾನು ಸಲೈನ್ ಜೋರು ಮಾಡಿ ಒತ್ತಡ ಏರಿಸುವ ಔಷಧ ಕೊಟ್ಟೆ. ಸ್ವಲ್ಪ ಹೊತ್ತಿಗೆ ಎಮ್ಮೆ ಎದ್ದು ಮತ್ತೆ ನಡೆಯಿತು. ಯಂತ್ರ ಹೇಳುವುದಕ್ಕೆ ಮೊದಲು ರೋಗಿ ಹೇಳುತ್ತಾರೆ, ಆದರೆ ಕೇಳಿಸಿಕೊಳ್ಳುವ ಕಿವಿ ಬೇರೆ ಕಡೆ ಇರಬಾರದು. ಇದನ್ನು ನನಗೆ ಆಕೆಯ ಎಮ್ಮೆಯೇ ಕಲಿಸಿತು ಎನ್ನಬೇಕು.

ಆಮೇಲೆ ರಾಯಚೂರಿಗೆ ವರ್ಗವಾಯಿತು. ಈಗ ಸುಖ ಎಂದುಕೊಂಡೆ. ದೊಡ್ಡ ಆಸ್ಪತ್ರೆ, ಹೊಸ ಯಂತ್ರ, ಜೊತೆಗೆ ಕೈಗೊಬ್ಬರು ಕಾಲಿಗೊಬ್ಬರು ಕಲಿಯುವ ಡಾಕ್ಟರುಗಳು. ಕೆಲಸ ಹಂಚಿಹೋಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಹೊಸದಾಗಿ ಬರುವವರು ಎಲ್ಲರೂ ಹಾಕುವ ಲೆಕ್ಕ ಇದು, ಎಲ್ಲರದೂ ತಪ್ಪುತ್ತದೆ. ಆಪರೇಷನ್‌ಗಳು ಮೊದಲಿನಷ್ಟೇ, ಅದರ ಮೇಲೆ ಪಾಠ, ಪಾಠದ ಮೇಲೆ ಸೆಮಿನಾರು, ಅದರ ಮೇಲೆ ಅವರ ಪ್ರಬಂಧ ತಿದ್ದುವುದು, ಪರೀಕ್ಷೆ ಬಂದರೆ ಅದೂ. ಕೈ ನಡುಗುತ್ತಿರುವ ಹುಡುಗನಿಗೆ ರೋಗಿಯ ಗಂಟಲಿಗೆ ಉಸಿರಿನ ನಳಿಕೆ ಹಾಕುವುದನ್ನು ಕಲಿಸುವುದು ನಾವೇ ಹಾಕುವುದಕ್ಕಿಂತ ಎಷ್ಟು ಕಷ್ಟ ಎಂಬುದು ಕಲಿಸಿದವರಿಗೇ ಗೊತ್ತು. ರೋಗಿಯ ಉಸಿರು ನೋಡಬೇಕು, ಹುಡುಗನ ಕೈ ನೋಡಬೇಕು, ಅವನ ಮುಖ ಸಣ್ಣದಾಗದಂತೆಯೂ ನೋಡಬೇಕು. ಒಮ್ಮೆ ಇನ್ನೊಬ್ಬರನ್ನು ಕೊಡಿ ಎಂದು ಅಧೀಕ್ಷಕರ ಬಳಿ ಹೋದೆ. ಅವರು ಚಹಾ ತರಿಸಿ, "ಪಾಠ ಅಂದ್ರ ಮಾತಾಡೂದ ಅಲ್ಲೇನ್ರಿ ಮೇಡಂ? ಅದಕ್ಕೂ ಆಳು ಬೇಕೇನು? ನಮ್ಮ ಮನಿಯವ್ರು ದಿನಾ ಪುಕ್ಕಟ ಮಾಡ್ತಾರ" ಎಂದರು. ಚಹಾ ಮಾತ್ರ ಚೆನ್ನಾಗಿತ್ತು.

ನಮ್ಮ ಆಗಿನ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಸರ್ ಎನ್ನುತ್ತಿದ್ದರು. ಪಾಠ ಎಂದರೆ ಅವರಿಗೆ ಊಟಕ್ಕಿಂತ ಹೆಚ್ಚು. ಕೈಗವಸು ಸುತ್ತಿದ ಕಾಗದ ಸಿಕ್ಕರೆ ಸಾಕು, ಅದರ ಮೇಲೆ ಶ್ವಾಸಕೋಶ ಬರೆಯುವರು. ಅವರು ಬಾಯಿ ತೆರೆದರೆ ಸರ್ಜರಿ ಕಡೆಯ ಹುಡುಗರೂ ಕತ್ತು ಚಾಚಿ ಕೇಳುತ್ತಿದ್ದರು. ಅರಕೇರಾದ ಒಬ್ಬನಿಗೆ ಹರ್ನಿಯಾ ಆಪರೇಷನ್ ನಡೆದಿತ್ತು, ಪೂರ್ತಿ ನಿದ್ದೆ ಕೊಟ್ಟು. ಆ ದಿನದ ಪಾಠ, ರೋಗಿ ಎಷ್ಟು ಆಳದ ನಿದ್ದೆಯಲ್ಲಿದ್ದಾನೆ ಎಂದು ತಿಳಿಯುವುದು ಹೇಗೆ. ಪಾಠ ಅದ್ಭುತವಾಗಿತ್ತು. ಎಷ್ಟು ಅದ್ಭುತ ಎಂದರೆ ನಿದ್ದೆಯ ಔಷಧದ ಡಬ್ಬಿ ಖಾಲಿಯಾದದ್ದನ್ನು ಯಾರೂ ನೋಡಲಿಲ್ಲ. ಸರ್ಜನ್ನರು ಚಾಕು ಎತ್ತಿ ಹಿಡಿದು ತಣ್ಣಗೆ ಹೇಳಿದರು, "ಸರ್, ನಿಮ್ಮ ಪಾಠ ಪೇಶಂಟಿಗೂ ತಿಳಿಯಾಕತ್ತದ. ಕಾಲು ಅಲ್ಲಾಡಿಸಾಕತ್ತಾನ." ಪಕ್ಕದ ಟೇಬಲ್ಲಿನ ಕೆಲಸ ಮುಗಿಸಿದ್ದ ನಾನು ಓಡಿ ಬಂದು ಡಬ್ಬಿ ತುಂಬಿಸಿದೆ. ಎಲ್ಲ ಸರಿಹೋಯಿತು. ಅವನಿಗೆ ಏನೂ ನೆನಪಿರಲಿಲ್ಲ. ಎಲ್ಲರೂ ಪಲ್ಲಕ್ಕಿಯಲ್ಲಿ ಕೂತರೆ ಹೊರುವವರು ಯಾರು ಎಂಬ ಗಾದೆ ಮಾತ್ರ ನನ್ನ ತಲೆಯಲ್ಲಿ ಕೂತಿತು. ಅಲ್ಲಿ ಅಷ್ಟು ಜನ ಡಾಕ್ಟರುಗಳಿದ್ದರು, ಒಬ್ಬೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಎಂದುಕೊಂಡಿದ್ದರು. ದೇವದುರ್ಗದಲ್ಲಿ ನಾನೊಬ್ಬಳೇ ಇದ್ದಾಗ ಹಾಗೆ ಅಂದುಕೊಳ್ಳಲು ಯಾರೂ ಇರಲಿಲ್ಲ.

ಆ ಪ್ರಸಂಗಕ್ಕೆ ನಕ್ಕೆವು. ಮುಂದಿನದಕ್ಕೆ ನಗಲಿಲ್ಲ. ಮಾನ್ವಿ ಕಡೆಯ ಒಂದು ಮಗುವಿಗೆ ಗಂಟಲಿನ ಆಪರೇಷನ್. ಯಂತ್ರ ಕೂಗಿದಾಗಲೆಲ್ಲ ದೊಡ್ಡ ಸರ್ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸುತ್ತಿದ್ದರು, ಪಾಠ ಕೇಳಿಸಲಿ ಎಂದು. ಹೆಚ್ಚಿನ ಸಲ ಅದು ಸುಮ್ಮಸುಮ್ಮನೆ ಕೂಗುವುದೂ ನಿಜ. ಆ ದಿನ ಅದು ಸುಮ್ಮನೆ ಕೂಗಿರಲಿಲ್ಲ. "ರಕ್ತ ಯಾಕೋ ಕರ್ರಗ ಕಾಣ್ತದ್ರಿ" ಎಂದು ಸರ್ಜನ್ನರು ಹೇಳಿದಾಗಲೇ ಎಲ್ಲರ ಕಣ್ಣು ಮಗುವಿನ ಕಡೆ ತಿರುಗಿದ್ದು. ನಳಿಕೆ ಮಡಚಿಕೊಂಡಿತ್ತು. ದೊಡ್ಡ ಸರ್ ಅದನ್ನು ಸರಿಪಡಿಸಿದ ವೇಗ ನೋಡಿದರೆ ಅವರ ಕೈ ಎಂಥದು ಎಂದು ತಿಳಿಯುತ್ತಿತ್ತು. ಮಗು ಕೆಂಪಾಯಿತು, ಸಂಜೆ ಐಸ್‌ಕ್ರೀಮಿಗೆ ಹಟ ಮಾಡಿತು. ಆದರೆ ಸರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತಿದ್ದರು. ನಾನು ಹೋದಾಗ, "ನಾ ಪಾಠ ಬಿಡ್ತೀನ್ರಿ" ಎಂದರು. ಅವರು ಪಾಠ ಬಿಡುವುದು ಎಂದರೆ ಕೃಷ್ಣಾ ನದಿ ಹರಿಯುವುದು ಬಿಡುವ ಹಾಗೆ. ನನಗೆ ಅವರನ್ನು ನೋಡಿ ಸಂಕಟವಾಯಿತು. ಪಾಠವೂ ಉಳಿಯಬೇಕು, ಮಗುವೂ ಉಳಿಯಬೇಕು, ಏನು ಮಾಡುವುದು?

ಆ ಭಾನುವಾರ ಮಾನ್ವಿಗೆ ಹೋದೆ, ನನ್ನ ಸೋದರತ್ತೆ ಪದ್ಮಾಬಾಯಿಯವರ ಮನೆಗೆ. ನಮ್ಮದು ದೇವಸ್ಥಾನದ ಪೂಜೆಯ ಮನೆತನ. ಅತ್ತೆ ಮಡಿಯುಟ್ಟು ನೈವೇದ್ಯದ ಅಡುಗೆ ಮಾಡುತ್ತಿದ್ದರು. ಮಡಿ ಎಂದರೆ ಅವರದು ಬೆಂಕಿಯಂಥ ಮಡಿ, ಯಾರೂ ಮುಟ್ಟುವಂತಿಲ್ಲ. ಮುಟ್ಟುವುದಿರಲಿ, ಅಡುಗೆ ಮುಗಿಯುವ ತನಕ ಮಾತೂ ಇಲ್ಲ. ನಾನು ಹೊಸ್ತಿಲ ಹೊರಗೆ ಕೂತು ಆಸ್ಪತ್ರೆಯ ಕಥೆಯೆಲ್ಲ ಹೇಳಿದೆ, "ನೀವಾದ್ರ ಏನ್ ಮಾಡ್ತಿದ್ರಿ ಅತ್ತೀ?" ಎಂದು ಕೇಳಿದೆ. ಅವರು ತಿರುಗಿಯೂ ನೋಡಲಿಲ್ಲ. ಕಣ್ಣು ಹಾಲಿನ ಮೇಲಿತ್ತು. ಹಾಲು ಇಳಿಸಿ, ನೈವೇದ್ಯ ಮುಗಿಸಿ, ಮಡಿ ಬಿಟ್ಟು ಹೊರಗೆ ಬಂದು ನನ್ನ ಎದುರಿಗೆ ಕೂತರು. "ಆಗ ಏನೋ ಕೇಳಿದ್ಯಲ್ಲ, ಈಗ ಕೇಳು" ಎಂದರು. ಕೇಳುವ ಅಗತ್ಯವೇ ಇರಲಿಲ್ಲ. ಅವರ ಒಲೆಯ ಮೇಲೆ ಹಾಲು ಉಕ್ಕಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಸೋಮವಾರ ದೊಡ್ಡ ಸರ್ ಬಳಿ ಹೋಗಿ ಹೇಳಿದೆ, ತಲೆಗಡೆ ನಿಂತವರು ಇನ್ನು ಮಡಿ. ಅವರನ್ನು ಯಾರೂ ಪ್ರಶ್ನೆ ಕೇಳಬಾರದು, ಅವರು ಯಾರಿಗೂ ಉತ್ತರ ಕೊಡಬಾರದು. ರೋಗಿಯ ಜೊತೆ ಮಾತ್ರ ಮಾತು. ಪಾಠ ಮಾಡುವವರು, ಕೇಳುವವರು ಬೇರೆ, ಅವರೆಲ್ಲ ಕಾಲಿನ ಕಡೆ ನಿಲ್ಲಲಿ. ಸರ್ ಕನ್ನಡಕ ತೆಗೆದರು. "ಥಿಯೇಟರಿನಾಗ ಮಡಿ-ಮೈಲಿಗಿ ತಂದ್ರೇನ್ರಿ? ನಾಳಿ ತೀರ್ಥಾನೂ ಕೊಡ್ತೀರೇನು?" ಎಂದು ಕೇಳಿದರು. ಆದರೆ ಒಪ್ಪಿದರು.

ಒಪ್ಪದವರು ಸಿಸ್ಟರ್ ನಾಗಮ್ಮ. ಥಿಯೇಟರಿನ ಹಿರಿಯ ನರ್ಸು, ಚಂದ್ರಬಂಡದವರು, ಮಾತು ಕಡಿಮೆ. ಅವರು ಕೈ ತೊಳೆಯುತ್ತಲೇ ಹೇಳಿದರು, "ಮಡಿ ಅಂದ್ರ ನಮ್ಮನ್ನ ಹೊರಗ ನಿಲ್ಲಿಸೂದ್ರಿ ಮೇಡಂ. ನಿಮ್ಮಂಥೋರ ಮನಿ ಅಂಗಳ ನಮ್ಮವ್ವ ದಾಟಿಲ್ಲ. ಆ ಮಾತು ಇಲ್ಲಿ ಯಾಕ ತಂದ್ರಿ?" ಅವರು ಹೇಳಿದ್ದು ನಿಜ, ನಾನು ಹೊಸ್ತಿಲ ಆಚೆ ಕೂತು ಹಾಲನ್ನು ನೋಡಿದ್ದೆ, ಅಂಗಳದ ಆಚೆ ನಿಂತವರನ್ನು ನೋಡಿರಲಿಲ್ಲ. ಕೊನೆಗೆ, "ಇಲ್ಲಿ ಹುಟ್ಟಿದ ಮನಿ ಕೇಳಂಗಿಲ್ಲ ಸಿಸ್ಟರ್, ತಲಿಕಡೆ ಯಾರು ನಿಂತಾರೋ ಅವರದ ಮಡಿ" ಎಂದೆ. "ಹಂಗಾದ್ರ ನಾ ನಿಂತ್ರ ನನಗೂ?" ಎಂದರು. "ನಿಮಗೂ." ಅವತ್ತೇ ನಾನು ಒಂದು ಔಷಧ ತರಲು ಹೊರಟಾಗ ಅವರನ್ನು ತಲೆಗಡೆ ನಿಲ್ಲಿಸಿದೆ. ದೊಡ್ಡ ಸರ್ ಏನೋ ಕೇಳಿದರು. ನಾಗಮ್ಮ ರೋಗಿಯ ಎದೆಯಿಂದ ಕಣ್ಣು ತೆಗೆಯದೆ ಬೆರಳೆತ್ತಿ ಸುಮ್ಮನಿರಿ ಎಂದು ಸನ್ನೆ ಮಾಡಿದರು. ಅಷ್ಟು ವರ್ಷಗಳಲ್ಲಿ ಮುಖ್ಯಸ್ಥರನ್ನು ಸುಮ್ಮನಾಗಿಸಿದವರು ಅವರೊಬ್ಬರೇ. ಆಮೇಲೆ ಈ ಪದ್ಧತಿಗೆ ಅವರಿಗಿಂತ ದೊಡ್ಡ ಕಾವಲುಗಾರರು ಇರಲಿಲ್ಲ.

ಮಡಿ ನಿಂತಿತು. "ಇವತ್ತು ಯಾರ ಮಡಿ?" ಎಂಬುದು ಬೆಳಗಿನ ಮೊದಲ ಪ್ರಶ್ನೆಯಾಯಿತು. ಹೊತ್ತು ಹೊತ್ತಿಗೆ ಮಡಿ ಬದಲಾಗುತ್ತಿತ್ತು, ಎಲ್ಲರಿಗೂ ಪಾಠ ಸಿಗಬೇಕಲ್ಲ. ರೋಗಿಯನ್ನು ಮಲಗಿಸುವಾಗ, ಎಬ್ಬಿಸುವಾಗ ಮಾತ್ರ ಪಾಠವೇ ಇಲ್ಲ. ಒಗ್ಗರಣೆ ಹಾಕುವಾಗ ಹರಟೆ ಬೇಡ, ಅನ್ನ ಬೇಯುವಾಗ ಮಾತಾಡಿ ಎನ್ನುತ್ತಿದ್ದೆ. ಸೋಮಾರಿಗಳು ಇದರಲ್ಲೂ ದಾರಿ ಕಂಡುಕೊಂಡರು. ಜಾಲಹಳ್ಳಿಯಿಂದ ಬಂದ ಒಬ್ಬ ವಿದ್ಯಾರ್ಥಿ ದೊಡ್ಡ ಸರ್ ಪ್ರಶ್ನೆ ಕೇಳುವ ದಿನ ತಪ್ಪದೆ ಓಡಿಬಂದು ತಲೆಗಡೆ ನಿಲ್ಲುತ್ತಿದ್ದ. "ಯಾಕಲೇ, ದಿನಾ ನಿಂದ ಮಡಿ?" ಎಂದು ನಾನು ಒಮ್ಮೆ ಕೇಳಿದರೆ, ಮಡಿಯಲ್ಲಿದ್ದವರನ್ನು ಮಾತಾಡಿಸಬಾರದು ಎಂಬಂತೆ ಬೆರಳೆತ್ತಿದ. ಪ್ರಶ್ನೆ ತಪ್ಪಿಸಿಕೊಳ್ಳಲು ಬಂದವನು ನೋಡುವುದನ್ನು ಕಲಿತುಬಿಟ್ಟ. ಅವನೇ ವೀರೇಶ.

ವೀರೇಶ ಮೇಷ್ಟ್ರಾದ ಮೇಲೆ, ಅಷ್ಟು ವರ್ಷ ಮುಚ್ಚಿದ್ದ ಬಾಯಿ ಕಾಲುವೆಯ ಗೇಟು ಎತ್ತಿದ ಹಾಗೆ ತೆರೆಯಿತು. ನಾನು ನಿವೃತ್ತಳಾದೆ, ದೊಡ್ಡ ಸರ್ ಅದಕ್ಕೂ ಮೊದಲೇ ನಿವೃತ್ತರಾಗಿದ್ದರು, ನಾಗಮ್ಮನವರೂ ಊರಿಗೆ ಮರಳಿದರು. ಈಗ ವಿದ್ಯಾರ್ಥಿಗಳು ಹೆಚ್ಚು, ಆಪರೇಷನ್‌ಗಳು ಹೆಚ್ಚು, ಕಲಿಸುವವರು ಮಾತ್ರ ಅಷ್ಟೇ. ಪಾಠ ಫೋನಿನಲ್ಲಿ ರೆಕಾರ್ಡ್ ಆಗುತ್ತದಂತೆ. ಮಡಿಯ ಕಥೆ ಏನಾಯಿತು ಎಂದು ಕೇಳಿದರೆ ಒಬ್ಬರು ಇದೆ ಎನ್ನುವರು, ಇನ್ನೊಬ್ಬರು ನಗುವರು. ಬೇರೆಯವರ ಮೊಣಕಾಲಾಗಿದ್ದರೆ ನಾನೂ ನಗುತ್ತಿದ್ದೆ.

ಆಪರೇಷನ್‌ನ ಹಿಂದಿನ ದಿನ ವೀರೇಶ ವಾರ್ಡಿಗೆ ಬಂದ. "ಮೇಡಂ, ನಾನ ಸ್ವತಃ ಸೂಜಿ ಕೊಡ್ತೀನಿ. ಏನೂ ಚಿಂತಿ ಮಾಡಬ್ಯಾಡ್ರಿ" ಎಂದ.

"ಸೂಜಿಗೆ ಚಿಂತಿ ಇಲ್ಲಲೇ ವೀರೇಶಾ. ಬಾಯಿ ಮನ್ಯಾಗಿಟ್ಟು ಬಾ" ಎಂದೆ.

ಅವನು ಜೋರಾಗಿ ನಕ್ಕ. ನಾನು ನಗುವ ಹಾಗೆ ಮಾಡಿದೆ. ರಾತ್ರಿ ನಿದ್ದೆ ಬರಲಿಲ್ಲ, ನಿದ್ದೆ ಡಾಕ್ಟರಮ್ಮನಿಗೆ.

ಬೆಳಿಗ್ಗೆ ಬೆನ್ನಿಗೆ ಸೂಜಿ ಕೊಟ್ಟ. ಚುಚ್ಚಿದ್ದೇ ಗೊತ್ತಾಗಲಿಲ್ಲ, ಕೈ ದೊಡ್ಡ ಸರ್ ಕೈಯೇ. ಮಲಗಿಸಿದರು. ಕಾಲು ಬೆಚ್ಚಗಾಯಿತು, ಭಾರವಾಯಿತು, ಆಮೇಲೆ ನನ್ನದಲ್ಲ ಎನಿಸಿತು. ನನ್ನ ತಲೆಗಡೆ ಒಬ್ಬ ಹುಡುಗಿ ನಿಂತಿದ್ದಳು. ಅಸ್ಮಾ, ಎರಡನೇ ವರ್ಷದವಳು, ಮಾನ್ವಿಯವಳು ಎಂದು ಆಮೇಲೆ ತಿಳಿಯಿತು. ಆಗ ಕಂಡದ್ದು ಮಾಸ್ಕಿನ ಮೇಲಿನ ಎರಡು ಕಣ್ಣು ಮಾತ್ರ, ಅವೂ ತಲೆಕೆಳಗಾಗಿ. ಕಾಲಿನ ಕಡೆ ವಿದ್ಯಾರ್ಥಿಗಳು ನೆರೆದಿದ್ದರು. ಅವರನ್ನು ಕಂಡದ್ದೇ ತಡ, ವೀರೇಶನ ಗೇಟು ಎದ್ದಿತು.

"ಬೆನ್ನಿಗೆ ಸೂಜಿ ಕೊಟ್ಟ ಮ್ಯಾಲ ಒತ್ತಡ ಇಳಿತದ. ಯಾಕ ಇಳಿತದ?" ಎಂದು ಶುರುಮಾಡಿದ. ಒಗ್ಗರಣೆಯ ಹೊತ್ತಿನಲ್ಲೇ ಹರಟೆ ಎಂದು ನಾನು ಮನಸ್ಸಿನಲ್ಲೇ ಬೈದೆ. ಆದರೆ ಪಾಠ ಬಲು ಚೆಂದವಿತ್ತು. ರಕ್ತನಾಳಗಳು ಹಿಗ್ಗುವುದನ್ನು ಅವನು ಕೈಯಲ್ಲಿ ಮಾಡಿ ತೋರಿಸುತ್ತಿದ್ದ. ನನಗೆ ಹೆಮ್ಮೆಯೂ ಆಯಿತು. ಆಮೇಲೆ ಒಂದು ಆಕಳಿಕೆ ಬಂತು. ಇಷ್ಟು ಒಳ್ಳೆಯ ಪಾಠಕ್ಕೆ ಆಕಳಿಸುತ್ತಿದ್ದೇನಲ್ಲ, ವಯಸ್ಸಾಯಿತು ಎಂದುಕೊಂಡೆ. ಇನ್ನೊಂದು ಬಂತು. ವೀರೇಶನ ದನಿ ಯಾರೋ ಎತ್ತಿಕೊಂಡು ಹೋದಂತೆ ದೂರ ಸರಿಯಿತು. ಆಗ ನನಗೆ ಜಾಲಹಳ್ಳಿಯ ಎಮ್ಮೆ ನೆನಪಾಯಿತು. ಹೇಳಬೇಕು ಎಂದು ಬಾಯಿ ತೆರೆದರೆ ನಾಲಗೆ ಏಳಲಿಲ್ಲ. ಭಯವಾಯಿತು. ಎಷ್ಟೋ ಮಂದಿಗೆ ಏನೂ ಆಗಂಗಿಲ್ಲ ಎಂದು ಹೇಳಿದವಳಿಗೆ, ಸಾಯುತ್ತೇನೇನೋ ಎಂಬ ಭಯ.

"ಒತ್ತಡ ಇಳಿಯೂ ಮೊದಲನೇ ಕುರುಹು ಏನು?" ದೂರದಲ್ಲಿ ವೀರೇಶ ಕೇಳುತ್ತಿದ್ದ. ಕಾಲಿನ ಕಡೆ ಎಲ್ಲರೂ ತಡವರಿಸಿದರು. "ಅಸ್ಮಾ, ನೀ ಹೇಳು."

ಅಸ್ಮಾ ಹೇಳಲಿಲ್ಲ. ಅವಳ ಒಂದು ಕೈ ಸಲೈನಿನ ಚಕ್ರ ತಿರುಗಿಸುತ್ತಿತ್ತು, ಇನ್ನೊಂದು ಸಿರಿಂಜು ಒತ್ತುತ್ತಿತ್ತು. ಒತ್ತಡ ಅಳೆಯುವ ತೋಳಿನ ಪಟ್ಟಿ ಉಬ್ಬತೊಡಗಿತ್ತು. ಯಂತ್ರ ಆಮೇಲೆ ಕೂಗಿತು. ವೀರೇಶ ತಿರುಗಿ ನೋಡಿದ, ಗೇಟು ಧಡ್ಡನೆ ಬಿತ್ತು. ಒಂದು ಮಾತಿಲ್ಲದೆ ಬಂದು ನನ್ನ ಕಾಲುಗಳನ್ನು ಎತ್ತಿ ಹಿಡಿದ.

ಅಸ್ಮಾ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಹೆಂಗ ಆಗಾಕತ್ತದ್ರಿ ಮೇಡಂ? ವಾಂತಿ ಬಂದಂಗ ಆಗ್ತದೇನ್ರಿ?"

"ಈಗ ಇಲ್ಲವಾ" ಎಂದೆ. ನಾಲಗೆ ಎದ್ದಿತ್ತು. ನಾಲಗೆ ಎದ್ದ ಕೂಡಲೇ ಹಳೆಯ ಚಾಳಿಯೂ ಎದ್ದಿತು. "ಎಷ್ಟು ಕೊಟ್ಟಿ? ಆ ಔಷಧನ ಯಾಕ, ಇನ್ನೊಂದು ಯಾಕ ಕೊಡಲಿಲ್ಲ?" ಎಂದು ಕೇಳಿದೆ.

ಅವಳು ಉತ್ತರ ಕೊಡಲಿಲ್ಲ. ರೋಗಿಯ ಜೊತೆ ಆಡುವ ಮಾತು ಆಡಿಯಾಗಿತ್ತು, ನನ್ನೊಳಗಿನ ಪರೀಕ್ಷಕಿಗೆ ಉತ್ತರ ಕೊಡುವ ಹೊತ್ತು ಅದಾಗಿರಲಿಲ್ಲ. ಕೈಗವಸಿನ ಒಂದು ಬೆರಳು ಮೇಲೆದ್ದಿತು, ನಾಗಮ್ಮನವರದೇ ಸನ್ನೆ. ಕಣ್ಣು ನನ್ನ ಎದೆಯ ಮೇಲೆ, ಇನ್ನೊಂದು ಕೈ ನನ್ನ ನಾಡಿಯ ಮೇಲೆ. ಈ ಹುಡುಗಿಯನ್ನು ಪದ್ಮಾಬಾಯಿ ಅತ್ತೆ ಅಡುಗೆಮನೆಯ ಹೊಸ್ತಿಲಿಗೂ ಬಿಡುತ್ತಿರಲಿಲ್ಲ. ಅವರಿಗಿಂತ ಗಟ್ಟಿ ಮಡಿಯಲ್ಲಿ ಇವಳು ನನ್ನ ತಲೆಗಡೆ ನಿಂತಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು, ಅದನ್ನೂ ಅವಳೇ ಒರೆಸಿದಳು.

ಸಂಜೆ ವೀರೇಶ ವಾರ್ಡಿಗೆ ಬಂದು ಮಂಚದ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ. "ನಾ ಸ್ವಲ್ಪ ದಿನ ಪಾಠ ಬಿಡ್ತೀನ್ರಿ ಮೇಡಂ" ಎಂದ. ಆ ಮಾತನ್ನು ನಾನು ಮೊದಲೂ ಕೇಳಿದ್ದೆ. "ಪಾಠ ಬಿಡಬ್ಯಾಡ, ಹೊತ್ತು ನೋಡಿ ಮಾಡು. ನೀ ಕಲಿಸಿದ್ದಕ್ಕ ಆ ಹುಡುಗಿ ನನ್ನ ಉಳಿಸ್ಯಾಳ" ಎಂದೆ. ಅವನು ತಲೆಯಾಡಿಸಿ ಹೊರಟ. ಬಾಯಿ ನಿಜವಾಗಿಯೂ ಮನೆಯಲ್ಲಿಟ್ಟು ಬಂದಿದ್ದ.

ಅವನು ಹೋದ ಮೇಲೆ ಅಸ್ಮಾ ಬಂದಳು. ಕೆಲಸ ಮುಗಿಸಿ, ಮುಖ ತೊಳೆದು, ಮಾಸ್ಕಿಲ್ಲದೆ. ಮೊದಲ ಬಾರಿ ಪೂರ್ತಿ ಮುಖ ನೋಡಿದೆ, ನೇರವಾಗಿ. ಸ್ಟೂಲು ಎಳೆದುಕೊಂಡು ನನ್ನ ಎದುರಿಗೆ ಕೂತಳು.

"ಆಗ ಏನೋ ಕೇಳಿದ್ರಲ್ಲ ಮೇಡಂ," ಎಂದಳು, "ಈಗ ಕೇಳ್ರಿ."